ನರ್ಸಮ್ಮನ ಆಪರೇಷನ್ನು

ಸೂಜಿ ಕಂಡದ್ದೇ ತಡ, ಪುಟ್ಟಗೌರಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಸ್ವಲ್ಪ ರಕ್ತ ಅಷ್ಟೇ ಅಮ್ಮ, ಟೆಸ್ಟಿಗೆ," ಎಂದಳು ಬೆಂಗಳೂರಿನ ಆ ಆಸ್ಪತ್ರೆಯ ಹುಡುಗಿ ನರ್ಸು. ಕೈಯಲ್ಲಿದ್ದ ಕಾಗದದ ಮೇಲೆ ಕಣ್ಣಾಡಿಸಿ ನಕ್ಕಳು. "ಅಯ್ಯೋ, ನೀವೂ ನರ್ಸೇ ಅಲ್ವಾ?"

ಮಂಚದ ಪಕ್ಕ ಚಾಪೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ ಚಿಕ್ಕಬೋರಮ್ಮ ತಲೆ ಎತ್ತಿದಳು. "ನರ್ಸೇ ಕಣವ್ವ. ನಮ್ ಚಿನಕುರಳಿ ಸುತ್ತಿನ ಮಕ್ಳಿಗೆಲ್ಲ ಸೂಜಿ ಚುಚ್ಚಿರೋ ಕೈ ಅದು. ಈಗ ತಾನು ಚುಚ್ಚುಸ್ಕೋ ಅಂದ್ರೆ ಎದ್ರುತಾ ಅದೆ."

ಹುಡುಗಿ ಮತ್ತೆ ನಕ್ಕಳು. ಪುಟ್ಟಗೌರಮ್ಮನಿಗೆ ನಗು ಬರಲಿಲ್ಲ. ಚಿನಕುರಳಿಯ ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸಾಗಿದ್ದವಳು ಅವಳು. ಹೆರಿಗೆ, ಜ್ವರ, ಚುಚ್ಚುಮದ್ದು ಎಲ್ಲಕ್ಕೂ ಅವಳೇ. ಸಂತಾನಹರಣದ ಆಪರೇಷನ್ನಿಗೆಂದು ಊರೂರಿನ ಹೆಂಗಸರನ್ನು ಜೀಪಿಗೆ ತುಂಬಿಕೊಂಡು ಪಾಂಡವಪುರದ ಕ್ಯಾಂಪಿಗೆ ಕರೆದೊಯ್ದವಳೂ ಅವಳೇ. ಅಳುವವರಿಗೆ, ಮೊಂಡು ಹಿಡಿಯುವವರಿಗೆ, ದೇವರ ಗೂಡಿನ ಮುಂದೆ ಕುಳಿತು ಏಳದವರಿಗೆ, ಎಲ್ಲರಿಗೂ ಅವಳದು ಒಂದೇ ಮಾತು: "ಏನೂ ಆಗಲ್ಲ ಕಣವ್ವ, ಇರುವೆ ಕಚ್ಚಿದಂಗೆ, ಅಷ್ಟೇಯ." ಆ ಮಾತನ್ನು ಅದೆಷ್ಟು ಸಲ ಆಡಿದ್ದಳೋ, ಅವಳಿಗೇ ಲೆಕ್ಕವಿರಲಿಲ್ಲ.

ಈಗ ತೊಂಬತ್ತೆಂಟನೆಯ ಇಸವಿಯಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ನೂರ ಹದಿನೆಂಟು ಕೇಜಿ ಮೈ ಹೊತ್ತು ಅವಳೇ ಆಸ್ಪತ್ರೆಯ ಮಂಚದ ಮೇಲೆ ಬಂದು ಕೂತಿದ್ದಳು. ಸಕ್ಕರೆ ಕಾಯಿಲೆ, ಮಂಡಿನೋವು, ಮಲಗಿದರೆ ಉಸಿರು ಕಟ್ಟುವುದು. ಅದನ್ನೆಲ್ಲ ಅವಳು ಹೇಗೋ ತಳ್ಳಿಕೊಂಡು ಬಂದಿದ್ದಳು. ಆದರೆ ಹಿಂದಿನ ವರ್ಷ ನಾಲೆಯಾಚೆಯ ಒಂದು ಹೆರಿಗೆಗೆ ಕರೆ ಬಂದಾಗ, ಅರ್ಧ ದಾರಿಯಲ್ಲಿ ಏದುಸಿರು ಬಂದು ನಾಲೆಯ ಏರಿಯ ಮೇಲೆ ಕುಳಿತವಳಿಗೆ ಮೇಲೇಳಲಾಗಲಿಲ್ಲ. ಅವಳು ಹೋಗಿ ಸೇರುವ ಹೊತ್ತಿಗೆ ಮಗು ಹುಟ್ಟಿ ಕಾಲು ಗಂಟೆಯಾಗಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮನೆಯವರು ಬೆಲ್ಲ ಕೊಟ್ಟು ಉಪಚರಿಸಿದರು. ವಾಪಸು ಬರುವಾಗ ಪುಟ್ಟಗೌರಮ್ಮ ಮಾತ್ರ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ವಿಷಯ ತಿಳಿದ ಆರೋಗ್ಯ ಕೇಂದ್ರದ ಡಾಕ್ಟರೇ ಬೆಂಗಳೂರಿನ ತಮ್ಮ ಸಹಪಾಠಿಯ ಹೆಸರು ಹೇಳಿದ್ದು. ಹೊಟ್ಟೆಯ ಚೀಲಕ್ಕೆ ಒಂದು ಸಾಲು ಪಿನ್ನು ಹೊಡೆದು, ಕೋಳಿಮೊಟ್ಟೆಯಷ್ಟು ಜಾಗ ಮಾತ್ರ ಉಳಿಸುತ್ತಾರಂತೆ. ಊಟ ಕಡಿಮೆಯಾಗಿ ಮೈ ತಾನಾಗಿ ಇಳಿಯುತ್ತದಂತೆ. ವಿದೇಶದಲ್ಲಿ ಕಲಿತು ಬಂದ ವಿದ್ಯೆಯಂತೆ.

"ಪಿನ್ನು ಅಂದ್ರೆ ಆಪೀಸಲ್ಲಿ ಕಾಗ್ದಕ್ಕೆ ಹೊಡೀತಾರಲ್ಲ, ಅಂಥದ್ದಾ?" ಎಂದು ಕೇಳಿದ್ದ ಗಂಡ ದೇವರಾಜು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಅವನಿಗೆ ಜೋಡಣೆಯ ವಿಷಯದಲ್ಲಿ ಅನುಮಾನ ಜಾಸ್ತಿ. "ಜೋರಾಗಿ ಸೀನುದ್ರೆ ಕಿತ್ಕೊಂಡು ಬರಕ್ಕಿಲ್ವಾ?"

ದೇವರಾಜುವಿಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತಿತ್ತು. ಅದೂ ಅಲ್ಲದೆ ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಜೊತೆಗೆ ಯಾರು ಎಂಬ ಮಾತು ಬಂದಾಗ ಚಿಕ್ಕಬೋರಮ್ಮ ತಾನಾಗಿಯೇ ಬಂದು ಜಗುಲಿಯ ಮೇಲೆ ಕುಳಿತಳು. "ನಾನು ಓಯ್ತೀನಿ. ಅವತ್ತು ನನ್ನ ಕರ್ಕೊಂಡು ಓಗಿದ್ದೋಳು ನರ್ಸಕ್ಕ ತಾನೆ?" ಎಂದಳು. ಹತ್ತು ವರ್ಷದ ಹಿಂದೆ ಕ್ಯಾಂಪಿನ ಶಾಮಿಯಾನದಿಂದ ಎರಡು ಸಲ ತಪ್ಪಿಸಿಕೊಂಡು ಓಡಿದ ಏಕೈಕ ಹೆಂಗಸು ಚಿಕ್ಕಬೋರಮ್ಮ. ಎರಡನೆಯ ಸಲ ಕಬ್ಬಿನ ಗದ್ದೆಗೆ ನುಗ್ಗಿದ್ದವಳನ್ನು ಪುಟ್ಟಗೌರಮ್ಮನೇ ರಟ್ಟೆ ಹಿಡಿದು ಎಳೆದು ತಂದಿದ್ದಳು.

ಅಂತೂ ಅಂದು ರಕ್ತ ಕೊಟ್ಟಾಯಿತು. ಮಾರನೆಯ ದಿನ ಹತ್ತು ಗಂಟೆಗೆ ಆಪರೇಷನ್ನು.

ಬೆಳಿಗ್ಗೆ ಆರಕ್ಕೆ ಪುಟ್ಟಗೌರಮ್ಮ ಆಸ್ಪತ್ರೆಯ ನಿಲುವಂಗಿ ಬಿಚ್ಚಿ ತನ್ನ ಸೀರೆ ಉಟ್ಟಳು. ಚಿಕ್ಕಬೋರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು, ಕಸ ಗುಡಿಸುವವಳ ಪಕ್ಕದಿಂದ ಸರಿದು, ಮೆಟ್ಟಿಲಿಳಿದು ಹೊರಗೆ ಬಂದಳು. ಗೇಟು ದಾಟಿದರೆ ಆಟೋ, ಆಟೋ ಹತ್ತಿದರೆ ಮೈಸೂರು ಬಸ್ಸು, ಶ್ರೀರಂಗಪಟ್ಟಣದಲ್ಲಿ ಇಳಿದರೆ ಮಧ್ಯಾಹ್ನದೊಳಗೆ ಮನೆ. ಹೊಟ್ಟೆ ಕೊಯ್ಯಿಸಿಕೊಳ್ಳದೆಯೂ ಜನ ಬದುಕುತ್ತಾರೆ. ಹೀಗೆಲ್ಲ ಯೋಚಿಸುತ್ತ ನಲವತ್ತು ಹೆಜ್ಜೆ ಹಾಕಿರಬೇಕು, ಉಸಿರು ಮೇಲೆ ಕೆಳಗಾಯಿತು. ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕುಸಿದಳು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಬಂದು ಪಕ್ಕದಲ್ಲಿ ಕೂತರು. ಚಿಕ್ಕಬೋರಮ್ಮ. ಅವಳೇನೂ ಓಡಿ ಬಂದಿರಲಿಲ್ಲ. ತಲೆಗೂದಲನ್ನು ಗಂಟು ಕಟ್ಟಿಕೊಳ್ಳುತ್ತ ನಿಧಾನವಾಗಿಯೇ ಬಂದಿದ್ದಳು.

"ಓಡೋಗೋರು ವಸಿ ಬಿರ್‍ರನೆ ಓಗ್ಬೇಕು ಕಣಕ್ಕ," ಎಂದಳು. "ನಾನಾದ್ರೂ ಕಬ್ಬಿನ ಗದ್ದೆ ಗಂಟ ಓಗಿದ್ದೆ."

ಪುಟ್ಟಗೌರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಯಾವುದು ಮೊದಲು ಹೊರಬಿತ್ತೆಂದು ಅವಳಿಗೇ ಗೊತ್ತಾಗಲಿಲ್ಲ. ಮೂಗು ಒರೆಸಿಕೊಂಡು, "ಎಚ್ಚರ ಆಗ್ದೆ ಓದ್ರೆ ಏನೇ ಮಾಡ್ಲಿ, ಬೋರಿ?" ಎಂದಳು.

"ನೀನೇನು ಮಾಡೀಯೆ? ಮಾಡೋದೆಲ್ಲ ನಾವೇ ಮಾಡ್ಬೇಕು, ಬುಡು."

ರಸ್ತೆಯಲ್ಲಿ ಹಾಲಿನ ವ್ಯಾನೊಂದು ಹೋಯಿತು. ಇಬ್ಬರೂ ಅದನ್ನೇ ನೋಡಿದರು.

"ಅವತ್ತು ನಿಂಗೂ ಇಂಗೇ ಎದ್ರಿಕೆ ಆಗಿತ್ತಾ?" ಪುಟ್ಟಗೌರಮ್ಮ ಮೆಲ್ಲಗೆ ಕೇಳಿದಳು.

"ನೀನು ಕೇಳ್ನೇ ಇಲ್ವಲ್ಲಕ್ಕ," ಎಂದಳು ಚಿಕ್ಕಬೋರಮ್ಮ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ ಹೇಳಿದಳು. "ಇರುವೆ ಕಚ್ಚಿದಂಗೆ ಅಂದೆ. ಇರುವೆ ಅಲ್ಲ ಕಣಕ್ಕ, ಚೇಳು. ಮೂರು ದಿನ ನೋವಿತ್ತು. ಆಮ್ಯಾಕೆ ಓಯ್ತು. ನೋವಿಂದು ದೊಡ್ಡದಲ್ಲ, ಬುಡು. ಆ ಕ್ಯಾಂಪಿನ ಬೆಂಚಿನ ಮ್ಯಾಲೆ ಕುಂಡ್ರುಸ್ಬುಟ್ಟು ನೀನು ಇನ್ನೊಬ್ಬಳ್ನ ಕರ್ಕೊಂಡು ಬರಕ್ಕೆ ಜೀಪು ಅತ್ತಿ ಓದೆ ನೋಡು, ಅದು ವಸಿ ಕಷ್ಟ ಆಯ್ತು."

ಪುಟ್ಟಗೌರಮ್ಮ ತನ್ನ ಪಾದಗಳನ್ನು ನೋಡಿಕೊಳ್ಳೋಣವೆಂದು ಬಗ್ಗಿದಳು, ಕಾಣಿಸಲಿಲ್ಲ.

"ಎಷ್ಟು ಹೊತ್ತು ಕುಂತ್ಕೋಬೇಕು ಅನ್ಸುತ್ತೋ ಅಷ್ಟು ಹೊತ್ತು ಕುಂತ್ಕೊ," ಎಂದಳು ಚಿಕ್ಕಬೋರಮ್ಮ. "ಆಮ್ಯಾಕೆ ಊರಿಗೆ ಓಗನ ಅಂದ್ರೆ ಊರಿಗೆ ಓಗನ, ಒಳಿಕ್ಕೆ ಓಗನ ಅಂದ್ರೆ ಒಳಿಕ್ಕೆ ಓಗನ. ನಾನಂತೂ ಎಲ್ಲಿಗೂ ಓಗಕ್ಕಿಲ್ಲ."

ಏಳು ಗಂಟೆಗೆ ಪುಟ್ಟಗೌರಮ್ಮ ತಾನಾಗಿಯೇ ಎದ್ದು ಒಳಗೆ ಹೋದಳು. ಒಂಬತ್ತಕ್ಕೆ ಬಂದಿಳಿದ ದೇವರಾಜು ಗಾಲಿಮಂಚದ ಜೊತೆ ಥಿಯೇಟರಿನ ಬಾಗಿಲವರೆಗೂ ನಡೆದು, ಹೆಂಡತಿಯ ಕೈ ಹಿಡಿದು, "ಎದ್ರಬ್ಯಾಡ ಗೌರ," ಎಂದು ಹೇಳಿ, ಬಾಗಿಲು ಮುಚ್ಚಿದ ಕೂಡಲೇ ತಾನೇ ತಲೆ ಸುತ್ತಿ ಗೋಡೆಗೆ ಒರಗಿದ. ಅವನಿಗೆ ನೀರು ಕುಡಿಸಿ ಗಾಳಿ ಹಾಕುವ ಕೆಲಸವೂ ಚಿಕ್ಕಬೋರಮ್ಮನ ಪಾಲಿಗೇ ಬಂತು.

ಪುಟ್ಟಗೌರಮ್ಮನಿಗೆ ಎಚ್ಚರವಾಯಿತು. ನೋವು ನಿಜಕ್ಕೂ ಚೇಳಿನದೇ. ಎದೆಯ ಕೆಳಗಿನಿಂದ ಹೊಕ್ಕುಳವರೆಗೆ ಹೊಲಿಗೆ. ಹತ್ತು ನಿಮಿಷಕ್ಕೊಂದು ಚಮಚ ನೀರು. ಚಿಕ್ಕಬೋರಮ್ಮ ಔಷಧಿ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು, ಗುಬ್ಬಿಮರಿಗೆ ಗುಟುಕು ಕೊಟ್ಟ ಹಾಗೆ ಕೊಡುತ್ತಿದ್ದಳು. ಎಂಟನೆಯ ದಿನ ಹೊಲಿಗೆ ಬಿಚ್ಚಿ ಊರಿಗೆ ಕಳಿಸಿದರು.

ಊರಿನಲ್ಲಿ ಶುರುವಾದದ್ದು ಬೇರೆಯೇ ಬದುಕು. ಮೊದಲು ಬರೀ ತಿಳಿ ಗಂಜಿ, ಸೋಸಿದ ಬೇಳೆಕಟ್ಟು. ಆಮೇಲೆ ನುಣ್ಣಗೆ ಕಿವುಚಿದ ಅನ್ನ, ಅದೂ ಅರ್ಧ ಬಟ್ಟಲು. ಮೂರು ತಿಂಗಳಿಗೆ ಇಪ್ಪತ್ತು ಕೇಜಿ ಇಳಿಯಿತು, ಜೊತೆಗೆ ತಲೆಗೂದಲೂ ಉದುರಿತು. ನರ್ಸಮ್ಮನಿಗೆ ಏನೋ ದೊಡ್ಡ ಕಾಯಿಲೆಯಂತೆ ಎಂದು ಸಂತೆಯಲ್ಲಿ ಸುದ್ದಿಯಾಯಿತು. ನೋಡಿಕೊಂಡು ಹೋಗಲು ಬಂದವರು ಬಾಳೆಹಣ್ಣು ತಂದು, ಅವಳು ತಿನ್ನಲಾರಳೆಂದು ತಾವೇ ತಿಂದು, ಕಣ್ಣೀರಿಟ್ಟು ಹೋದರು.

ಅಷ್ಟರಲ್ಲಿ ನಾಗಮಂಗಲದ ನೆಂಟರ ಮನೆಯಲ್ಲಿ ಬಾಡೂಟ ಬಂತು. ಡಾಕ್ಟರು ಹೇಳಿದ್ದೆಲ್ಲ ಚೆನ್ನಾಗಿಯೇ ನೆನಪಿತ್ತು. ಆದರೆ ಎಲೆಯ ಮೇಲೆ ಮರಿಯ ಮಾಂಸದ ಸಾರು ಹರಿದು ಬಂದಾಗ ಕೈ ಮಾತು ಕೇಳಲಿಲ್ಲ. ಐದೇ ತುತ್ತು. ಎದೆಯಲ್ಲಿ ಗುಂಡುಕಲ್ಲು ಕೂತಂತಾಗಿ ಹಿತ್ತಲಿಗೆ ಓಡಿದಳು. ಎಲ್ಲ ವಾಂತಿಯಾದ ಮೇಲೆ ಒಗೆಯುವ ಕಲ್ಲಿನ ಮೇಲೆ ಕುಳಿತು ಮಗುವಿನ ಹಾಗೆ ಅತ್ತಳು. ಹೊಟ್ಟೆ ನೋವಿಗಲ್ಲ, ಎಲೆಯ ಮೇಲೆ ಬಿಟ್ಟು ಬಂದ ನಲ್ಲಿಮೂಳೆಗಾಗಿ.

ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ಬಯಲಾಯಿತು. ಹೆಂಡತಿಯ ಮುಂದೆ ಉಣ್ಣಲು ಸಂಕೋಚಪಟ್ಟು ದೇವರಾಜು ಮನೆಯಲ್ಲಿ ಎರಡು ತುತ್ತಿಗೇ ಕೈ ತೊಳೆಯುತ್ತಿದ್ದ. ಪಾಪ, ನನಗಾಗಿ ಬಾಯಿ ಕಟ್ಟಿದ್ದಾರೆ ಎಂದುಕೊಂಡಿದ್ದಳು ಅವಳು. ಬಾಯಿ ಕಟ್ಟಿದವನ ಪ್ಯಾಂಟಿನ ಗುಂಡಿ ಹಾಕಲಾಗದೆ ಕಿತ್ತು ಬಂದಾಗ ವಿಚಾರಣೆ ನಡೆಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ಸಂಜೆ ಪೂರಿ, ಬೋಂಡ, ಮೇಲೊಂದು ಮೈಸೂರು ಪಾಕು.

"ನಾನು ಇಪ್ಪತ್ತು ಕೇಜಿ ಇಳಿಯೋ ಹೊತ್ಗೆ ನೀವು ಆರು ಕೇಜಿ ಹಾಕಿದ್ದೀರಲ್ರೀ! ನಿಮ್ಗೂ ಪಿನ್ನು ಹೊಡುಸ್ಬೇಕಾ?" ಎಂದು ನಗುತ್ತಲೇ ಬೈದಳು. ಆಮೇಲೆ ತಟ್ಟೆ ಹಾಕಿ, "ನನ್ ಮುಂದೆ ಉಣ್ಣಿ. ನೀವು ಉಣ್ಣೋದು ನೋಡುದ್ರೆ ನಂಗೆ ವಟ್ಟೆ ತುಂಬುತ್ತೆ," ಎಂದಳು.

ಅಂದು ಬಸ್ಸಾರು ಮಾಡಿದ್ದಳು. ದೇವರಾಜುವಿಗೆ ಎಂದಿನ ಮುದ್ದೆ, ತನಗೆ ನೆಲ್ಲಿಕಾಯಿ ಗಾತ್ರದ್ದು. ಡಾಕ್ಟರು ಪ್ರತಿ ತುತ್ತನ್ನೂ ಅಗಿಯಬೇಕೆಂದು ಹೇಳಿದ್ದರು. ಆ ಸೀಮೆಯಲ್ಲಿ ಮುದ್ದೆಯನ್ನು ನುಂಗುತ್ತಾರೆಯೇ ಹೊರತು ಅಗಿಯುವವರು ಯಾರೂ ಇಲ್ಲ.

"ರಾಗಿ ಇಟ್ಟನ್ನ ಅಗೀತಾರಾ ಗೌರ? ಯಾರಾರ ನೋಡುದ್ರೆ ನಗ್ತಾರೆ," ಎಂದು ದೇವರಾಜು ಬಾಗಿಲ ಕಡೆ ನೋಡಿದ.

ಅವಳು ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಅಗಿದಷ್ಟೂ ನಾಲಿಗೆಗೆ ಒಂದು ತೆಳುವಾದ ಸಿಹಿ ಹತ್ತುತ್ತಿತ್ತು. ಹುಟ್ಟಿದಾಗಿನಿಂದ ಎಷ್ಟು ಸಾವಿರ ಮುದ್ದೆ ಉಂಡಿದ್ದಳು. ರಾಗಿಗೆ ಈ ರುಚಿ ಇದೆಯೆಂದು ಗೊತ್ತಾಗಲು ನಲವತ್ತಾರು ವರ್ಷ ಬೇಕಾಯಿತು.

"ಸೀ ಅದೆ ಕಣ್ರೀ," ಎಂದಳು ಕಣ್ಣು ಬಿಟ್ಟು. ಅವನೂ ಒಂದು ತುತ್ತನ್ನು ಅನುಮಾನದಿಂದ ಅಗಿದು ನೋಡಿದ. ಹಲ್ಲಿಗೆ ಅಂಟಿತು, ಅಷ್ಟೇ.

ವರ್ಷ ತುಂಬುವ ಹೊತ್ತಿಗೆ ಎಪ್ಪತ್ತೆಂಟಕ್ಕೆ ಇಳಿದಿದ್ದಳು. ತೋಳಿನ ಚರ್ಮ ಜೋಲುತ್ತಿತ್ತು, ರವಿಕೆಗಳನ್ನೆಲ್ಲ ಹಿಡಿಸಬೇಕಾಯಿತು, ಹಳೆಯ ಬಳೆಗಳು ಕೈ ತೊಳೆಯುವಾಗ ಜಾರಿ ಬೀಳುತ್ತಿದ್ದವು. ದೇವರಾಜು ಶ್ರೀರಂಗಪಟ್ಟಣದಿಂದ ಹೊಸ ಅಳತೆಯ ಹಸಿರು ಬಳೆ ತಂದ. ಒಂದು ದಿನ ಪೋಲಿಯೋ ಹನಿ ಹಾಕಿಸಿಕೊಳ್ಳಲು ಬಂದ ಪುಟ್ಟ ಹುಡುಗಿಯೊಬ್ಬಳು ಬಾಯಿ ಬಿಗಿದುಕೊಂಡು, "ಆ ದಪ್ಪ ನರ್ಸಮ್ಮನೇ ಬರ್ಲಿ," ಎಂದು ಹಟ ಹಿಡಿದಳು. "ಅವ್ಳು ಓದ್ಳು ಕಣವ್ವ, ನನ್ನ ಕಳ್ಸವ್ಳೆ," ಎಂದಳು ಪುಟ್ಟಗೌರಮ್ಮ.

ಆ ಚಳಿಗಾಲದಲ್ಲಿ ಕಲ್ಲುಕೋರೆಯ ಪಕ್ಕದ ಕೇರಿಗೆ ಅವಳು ನಡೆದೇ ಹೋದಳು. ಕಲ್ಲು ಒಡೆಯುವವನ ಹೆಂಡತಿ ಚಲುವಮ್ಮನಿಗೆ ಇಪ್ಪತ್ತೈದು ವರ್ಷ, ಮೂರು ಮಕ್ಕಳು. ತಾನೇ ಬಂದು ಆಪರೇಷನ್ನಿಗೆ ಹೆಸರು ಬರೆಸಿ ಹೋದವಳು, ಕ್ಯಾಂಪಿನ ಗುರುವಾರ ಹತ್ತಿರ ಬಂದ ಹಾಗೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ನರ್ಸನ್ನು ಕಂಡದ್ದೇ ಬಾಗಿಲ ಹಿಂದೆ ಸರಿದು ನಿಂತಳು.

ಏನೂ ಆಗಲ್ಲ ಎಂಬ ಮಾತು ಪುಟ್ಟಗೌರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು ನೆಲದ ಮೇಲೆ ಕುಳಿತಳು.

"ಎದ್ರಿಕೆನಾ?"

"ಊಂ."

"ಏನೇನು ಎದ್ರಿಕೆ ಅಂತ ಹೇಳು. ಕೇಳ್ತೀನಿ."

ಚಲುವಮ್ಮ ಮೊದಲು ತಡವರಿಸಿದಳು. ಆಮೇಲೆ ಕಟ್ಟೆಯೊಡೆದ ಹಾಗೆ ಹೇಳಿದಳು. ಎಚ್ಚರವಾಗದಿದ್ದರೆ, ಸೊಂಟ ಬಿದ್ದುಹೋದರೆ, ಗಂಡ ಬೇರೆಯವಳನ್ನು ತಂದರೆ, ಕೂಸು ಹಸಿದು ಅತ್ತರೆ. ಪುಟ್ಟಗೌರಮ್ಮ ಒಂದೊಂದಕ್ಕೂ ತನಗೆ ಗೊತ್ತಿದ್ದಷ್ಟು ಹೇಳಿದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. "ನೋವಾಯ್ತದೆ, ಎರಡ್ಮೂರು ದಿನ. ನಾನು ಪಕ್ಕದಲ್ಲೇ ಇರ್ತೀನಿ. ಬ್ಯಾಡ ಅನ್ಸುದ್ರೆ ಬ್ಯಾಡ ಅನ್ನು, ನಾನೇನು ಬೈಯಕ್ಕಿಲ್ಲ." ಆಮೇಲೆ ಸೆರಗು ಸರಿಸಿ ತನ್ನ ಹೊಟ್ಟೆಯ ಗಾಯದ ಗುರುತು ತೋರಿಸಿದಳು.

"ಅಯ್ ಶಿವನೆ! ಈಟುದ್ದನಾ?"

"ನಂದು ಈಟುದ್ದ. ನಿಂದು ಈಟೇಯ." ಪುಟ್ಟಗೌರಮ್ಮ ಕಿರುಬೆರಳಿನ ಉಗುರು ತೋರಿಸಿದಳು. ಇಬ್ಬರೂ ನಕ್ಕರು.

"ವಸಿ ಯೋಚ್ನೆ ಮಾಡಿ ಹೇಳ್ತೀನಿ ಕಣಕ್ಕ," ಎಂದು ಚಲುವಮ್ಮ ಕಂಕುಳಲ್ಲಿದ್ದ ಕೂಸನ್ನು ಅವಳ ಕೈಗೆ ಕೊಟ್ಟು ಕಾಫಿ ಕಾಯಿಸಲು ಒಳಗೆ ಹೋದಳು.

ಪುಟ್ಟಗೌರಮ್ಮ ಅಭ್ಯಾಸದಂತೆ ಕೂಸನ್ನು ಭುಜಕ್ಕೆ ಒರಗಿಸಿಕೊಳ್ಳಲು ಹೋದಳು. ಅದು ಜಾರಿ ಕೆಳಗಿಳಿದು ಅವಳ ಮಡಿಲಲ್ಲಿ ಕೂತಿತು. ಅಲ್ಲಿ ಈಗ ಒಂದು ಮಡಿಲಿತ್ತು, ಕೂಸು ಕಾಲು ಚಾಚುವಷ್ಟು ಜಾಗವಿತ್ತು. ಅದು ಹಸಿರು ಬಳೆಯೊಂದನ್ನು ಹಿಡಿದೆಳೆದು, ಬಾಯಿಗೆ ಇಟ್ಟು ನೋಡಿ, ಹಾಗೇ ತೂಕಡಿಸಿ ಮಲಗಿತು. ಕೋರೆಯ ಕಡೆಯಿಂದ ಉಳಿಯ ಪೆಟ್ಟು ಟಣ್ ಟಣ್ ಎಂದು ಕೇಳಿಬರುತ್ತಿತ್ತು. ಚಲುವಮ್ಮ ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟುತ್ತ ಬಂತು. ಲೋಟಕ್ಕೆ ಕೈ ಚಾಚಿದರೆ ಕೂಸಿಗೆ ಎಚ್ಚರವಾದೀತೆಂದು ಪುಟ್ಟಗೌರಮ್ಮ ಅಲ್ಲಾಡದೆ ಕುಳಿತಳು.