ಎದುರು ನಿಂತು ಕಟ್ಟಿಸಿದ ಕಂಬ

ಮನುಷ್ಯನ ಬಾಳಿನಲ್ಲಿ ನಾಳೆಗೆ ಎತ್ತಿಡಲಾಗದ ಕೆಲಸಗಳು ಕೆಲವು ಇರುತ್ತವೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಆ ಶನಿವಾರ ಅಂಥದೊಂದು ಒದಗಿತ್ತು. ಹೊತ್ತು ಮುಳುಗುವುದರೊಳಗೆ ಅವರ ಜೀಪಿನ ಮೂತಿಗೆ ವಿಂಚ್ ಕೂರಲೇಬೇಕು. ಅದು ಮಾನದ ಪ್ರಶ್ನೆ.

ಮಾನ ಹೋದದ್ದು ಹಿಂದಿನ ತಿಂಗಳು. ಕಾಡುಮೇಡು ಸುತ್ತುವ ಜೀಪುದಾರರ ಸಂಘದ ಜೊತೆ ಹೋಗಿ, ಎಮ್ಮೆ ಕೂಡ ತನಗೆ ಸಾಲದೆಂದು ಬಿಟ್ಟುಹೋಗುವಷ್ಟು ಸಣ್ಣ ಗುಂಡಿಯಲ್ಲಿ ಹೂತುಕೊಂಡಿದ್ದರು. ಎಲ್ಲರೂ ಇಳಿದು ಹಗ್ಗ ಕಟ್ಟಿ ಎಳೆದಿದ್ದರು. ಅಂದಿನಿಂದ ಅವರು ಸಂಘದಲ್ಲಿ ಕೆಸರಣ್ಣ. ಸಂಘದ ಮುಖ್ಯಸ್ಥನಿಗೆ ಕ್ಯಾಪ್ಟನ್ ಎಂದು ಹೆಸರು; ಸೇನೆಯವನೇನಲ್ಲ, ವಿಮೆ ಏಜೆಂಟ್, ಮೀಸೆ ಮಾತ್ರ ಸೇನೆಯದು. ಇನ್ನು ಮೇಲೆ ವಿಂಚ್ ಇಲ್ಲದ ಗಾಡಿ ಬರುವಂತಿಲ್ಲ ಎಂದು ಆತ ನಗುನಗುತ್ತಲೇ ಅಪ್ಪಣೆ ಕೊಡಿಸಿದ್ದ. ವಿಂಚ್ ಎಂದರೆ ಮೋಟಾರಿನಿಂದ ತಿರುಗುವ ಉರುಳೆ. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗದ ಕೊಕ್ಕೆಯನ್ನು ಮರಕ್ಕೋ ಬಂಡೆಗೋ ಸಿಕ್ಕಿಸಿದರೆ, ಹೂತ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಯಾರ ಹಂಗೂ ಇಲ್ಲ. ಇನ್ಸ್‌ಪೆಕ್ಟರಿಗೆ ಹಿಡಿಸಿದ್ದು ಈ ಕೊನೆಯ ಗುಣ.

ಆದರೆ ಯಾರ ಹಂಗೂ ಬೇಡದ ಆ ಯಂತ್ರವನ್ನು ಕೂರಿಸುವುದಕ್ಕೆ ಮಾತ್ರ ಇಬ್ಬರು ಬೇಕಿತ್ತು. ಒಬ್ಬರು ಕೆಳಗಿನಿಂದ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಬೋಲ್ಟು ಹಾಕಬೇಕು. ಪಕ್ಕದ ಮನೆಯವನ ಜೊತೆ ಮಾತು ಬಿಟ್ಟಾಗಿತ್ತು. ಭಾಮೈದನ ಜೊತೆ ಮಾತಿತ್ತು, ಆದರೆ ಅವನಿಗೆ ಕೆಲಸ ಗೊತ್ತಿತ್ತು. ಆದ್ದರಿಂದ ಅವನೂ ಬೇಡ. ಉಳಿದವಳು ಹೆಂಡತಿ.

ಆಕೆ ಹಳೇ ಚಾದರ ಹಾಸಿಕೊಂಡು ಜೀಪಿನ ಮೂತಿಯ ಕೆಳಗೆ ಅಂಗಾತ ಮಲಗಿದ್ದಳು. ಕಬ್ಬಿಣದ ಭಾರವೆಲ್ಲ ಅಂಗೈಯ ಮೇಲಿತ್ತು.

"ಎತ್ತು. ಇನ್ನೂ ಎತ್ತು. ಅಯ್ಯೋ, ಎಡಕ್ಕೆ ಕಣೇ!"

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

"ಎಡ ಅಂದ್ರೆ ಎಡ. ಅದರಲ್ಲೂ ನಿಂದು ನಂದು ಅಂತ ಬೇರೆ ಇದೆಯಾ?"

ಒಂದು ಬೋಲ್ಟು ಕಚ್ಚಿಕೊಂಡಿತು. ಗಂಡನ ಮುಖ ಕೊಂಚ ಸಡಿಲಾದದ್ದನ್ನು ಕಂಡು ಆಕೆ ಕೆಳಗಿನಿಂದಲೇ ಕೇಳಿದಳು: "ರೀ, ನಾಳೆ ನಾನೂ ಬರ್ಲಾ? ಬೆಟ್ಟದ ಮೇಲೆ ಕೆರೆ ಇದೆ ಅಂತೀರಲ್ಲ, ಒಂದ್ಸಲ ನೋಡ್ಬೇಕು."

ಜೀಪು ಮನೆಗೆ ಬಂದ ವರ್ಷವೇ ಆಕೆ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡಿದ್ದಳು. ಅದಿನ್ನೂ ಡಬ್ಬದಲ್ಲೇ ಇತ್ತು.

"ಎಷ್ಟು ಸಲ ಹೇಳೋದು? ಹೆಂಗಸರು ಯಾರೂ ಬರಲ್ಲ. ಬರೀ ಗಂಡಸರ ಗುಂಪು. ನೀನೊಬ್ಳೇ ಬಂದು ಏನು ಮಾಡ್ತೀಯ?"

"ಕೆರೆ ನೋಡ್ತೀನಿ."

"ಆ ಸ್ಪ್ಯಾನರ್ ಕೊಡು."

ಮಧ್ಯಾಹ್ನ ಕಳೆಯುವ ಹೊತ್ತಿಗೆ ವಿಂಚ್ ಕೂತಿತು. ಇನ್ಸ್‌ಪೆಕ್ಟರು ಬ್ಯಾಟರಿಗೆ ತಂತಿ ಬಿಗಿಯುತ್ತಿರುವಾಗ ಫೋನು ಬಂತು. ಕೈ ಪೂರ್ತಿ ಗ್ರೀಸು. "ತಗೊಂಡು ಸ್ಪೀಕರಿಗೆ ಹಾಕು," ಎಂದರು.

"ಏನ್ ಕೆಸರಣ್ಣ, ವಿಂಚ್ ಕೂತ್ಕೊಳ್ತಾ, ಇನ್ನೂ ನಿಂತೇ ಇದೆಯಾ?" ಕ್ಯಾಪ್ಟನ್ನನ ದನಿ ಅಂಗಳ ತುಂಬಿತು.

"ಕೂತಿದೆ ಸಾರ್, ಬಂಡೆ ಹಾಗೆ."

"ಭೇಷ್. ಅಂದ ಹಾಗೆ, ಅತ್ತಿಗೆ ಹೇಗಿದ್ದಾರೆ? ನಮ್ಮನೆಯವಳು ಕೇಳ್ತಾನೇ ಇರ್ತಾಳೆ. ಪ್ರತಿ ಸಲ ಎಲ್ಲರ ಮನೆಯವರೂ ಬರ್ತಾರೆ, ಅವರೊಬ್ಬರೇ ಇಲ್ಲ. ಪಾಪ, ಹಾಸಿಗೆ ಹಿಡಿದು ವರ್ಷಗಳೇ ಆಯ್ತಲ್ಲ..."

"ಹಾಗೇ ಇದ್ದಾಳೆ ಸಾರ್. ನಾಳೆ ಸಿಗ್ತೀನಿ," ಎಂದು ಇನ್ಸ್‌ಪೆಕ್ಟರು ಗ್ರೀಸಿನ ಬೆರಳಿನಲ್ಲೇ ಫೋನಿನ ಬಾಯಿ ಮುಚ್ಚಿಸಿದರು.

ಹಾಸಿಗೆ ಹಿಡಿದಾಕೆ ಬಾನೆಟ್ಟಿನ ಪಕ್ಕ ನಿಂತು ತನ್ನ ಅಂಗೈ ನೋಡಿಕೊಂಡಳು. ವಿಂಚಿನ ಅಂಚು ಒತ್ತಿದ ಗೆರೆ ಇನ್ನೂ ಕೆಂಪಗಿತ್ತು.

"ಯಾಕ್ರೀ ಹಾಗೆ ಹೇಳಿದ್ದು?"

"ಏನೋ ಬಾಯಿಗೆ ಬಂತು, ಹೇಳಿದೆ. ಅದನ್ನೇ ಹಿಡ್ಕೊಂಡು ಕೂರ್ಬೇಡ."

"ಯಾಕೆ ಅಂತ ಕೇಳ್ದೆ."

"ನಿಂಗೆ ಅವರ ಮಧ್ಯೆ ಕೂತು ಮಾತಾಡಕ್ಕೆ ಬರಲ್ಲ ಕಣೇ. ನಗ್ತಾರೆ. ನನ್ನ ನೋಡಿ ನಗೋದು ಸಾಲ್ದಾ?" ಇಷ್ಟು ಹೇಳಿ ಇನ್ಸ್‌ಪೆಕ್ಟರು ಕೈ ಒರೆಸಿಕೊಂಡರು. "ಬೆಳಕು ಹೋಗ್ತಿದೆ. ಬಾ, ಹಗ್ಗ ಸುತ್ತೋದೊಂದು ಬಾಕಿ."

ಹೊಸ ಹಗ್ಗವನ್ನು ಸಡಿಲವಾಗಿ ಸುತ್ತಿದರೆ ಒಂದು ಸುತ್ತಿನೊಳಗೆ ಇನ್ನೊಂದು ಹೂತು ಕೆಡುತ್ತದೆ. ಭಾರ ಹೊತ್ತೇ ಸುತ್ತಿಕೊಳ್ಳಬೇಕು. ಕೊಕ್ಕೆಯನ್ನು ಗಟ್ಟಿ ಜಾಗಕ್ಕೆ ಸಿಕ್ಕಿಸಿ, ಗಾಡಿಯೊಳಗೆ ಒಬ್ಬರು ಕೂತು ಬ್ರೇಕನ್ನು ಅಷ್ಟಿಷ್ಟು ಒತ್ತುತ್ತಿದ್ದರೆ ಗಾಡಿ ತೆವಳಿಕೊಂಡು ಮುಂದೆ ಬರುತ್ತದೆ, ಹಗ್ಗ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅಂಗಳದಲ್ಲಿ ಮರವಿರಲಿಲ್ಲ. ಇನ್ಸ್‌ಪೆಕ್ಟರು ಜೀಪನ್ನು ಹಿಂದಿನ ಗೋಡೆಯವರೆಗೆ ಒಯ್ದು ನಿಲ್ಲಿಸಿ, ಹಗ್ಗವನ್ನು ಗೇಟಿನವರೆಗೆ ಬಿಚ್ಚಿಕೊಂಡು ಹೋದರು. ಬೀದಿಗೂ ಅಂಗಳಕ್ಕೂ ಕಾಣುವಂತೆ ಎರಡೂ ಬದಿ ತಮ್ಮ ಹೆಸರು, ಹುದ್ದೆ ಕೆತ್ತಿಸಿದ್ದ ಗೇಟಿನ ಕಂಬಕ್ಕೆ ದಪ್ಪ ಪಟ್ಟಿ ಸುತ್ತಿ ಕೊಕ್ಕೆ ಸಿಕ್ಕಿಸಿದರು. ಕಂಬದ ಬೆನ್ನು ತಟ್ಟಿದರು.

"ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ. ಎದುರು ನಿಂತು ಕಟ್ಟಿಸಿದ್ದು."

ಎದುರು ನಿಂತವಳು ಆಕೆ. ಮನೆ ಕಟ್ಟುವ ಕಾಲಕ್ಕೆ ಇನ್ಸ್‌ಪೆಕ್ಟರು ಅಂಗಡಿಗಳ ತಕ್ಕಡಿ ತಪಾಸಣೆಗೆ ಊರೂರು ತಿರುಗುತ್ತಿದ್ದರು. ಛತ್ರಿ ಹಿಡಿದು ಬಿಸಿಲಲ್ಲಿ ನಿಲ್ಲುತ್ತಿದ್ದ ಆಕೆಗೆ ಮೇಸ್ತ್ರಿ ಹೇಳಿದ್ದ: "ಕಬ್ಬಿಣ ಸಾಲ್ಲಿಲ್ಲ ಅಮ್ಮ. ಗೇಟಿನ ಕಂಬ ಬರೀ ಇಟ್ಟಿಗೇದು. ಗೇಟು ತಡ್ಕೊಳ್ಳುತ್ತೆ, ಬೇರೆ ಭಾರ ಹಾಕ್ಬೇಡಿ." ಅಂದು ಸಂಜೆಯೇ ಆಕೆ ಗಂಡನಿಗೆ ತಿಳಿಸಿದ್ದಳು. "ನಿಂಗೇನು ಗೊತ್ತಾಗುತ್ತೆ?" ಎಂದು ಪೇಪರಿನ ಹಿಂದಿನಿಂದ ಉತ್ತರ ಬಂದಿತ್ತು. ಗುಲಗಂಜಿಯಷ್ಟು ತೂಕ ಕಡಿಮೆಯಾದರೂ ಅಂಗಡಿಯವನನ್ನು ಕೋರ್ಟಿಗೆಳೆಯುವ ಇಲಾಖೆಯ ಉತ್ತರ.

ಜೀಪಿನ ಚಾಲಕನ ಸೀಟಿನಲ್ಲಿ ಆಕೆ ಕೂತದ್ದು ಅದೇ ಮೊದಲು. ಅಲ್ಲಿಂದ ಬೀದಿ ಚೆನ್ನಾಗಿ ಕಾಣುತ್ತಿತ್ತು.

"ರೀ, ಆ ಕಂಬ..."

"ಕಂಬದ ವಿಷಯ ನಂಗೆ ಹೇಳ್ಬೇಡ. ಮೆತ್ತಗೆ ಬ್ರೇಕ್ ಒತ್ಕೊಂಡಿರು. ನಾನು ಹೇಳೋ ತನಕ ಕಾಲೂ ತೆಗೀಬೇಡ, ಬಾಯೂ ತೆಗೀಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು."

ಇನ್ಸ್‌ಪೆಕ್ಟರು ಪಕ್ಕಕ್ಕೆ ಸರಿದು ವಿಂಚಿನ ಗುಂಡಿ ಒತ್ತಿದರು. ನೆಲದಲ್ಲಿ ಬಿದ್ದಿದ್ದ ಹಗ್ಗ ಎದ್ದು ನೆಟ್ಟಗಾಯಿತು. ಜೀಪು ಗುಡುಗುಟ್ಟುತ್ತ ತೆವಳಿತು. ಹಗ್ಗ ಸಾಲು ತಪ್ಪದೆ ಸುತ್ತಿಕೊಳ್ಳತೊಡಗಿತು. ಗಾಜಿನಾಚೆ ಗಂಡನ ಹೆಸರು ಸ್ವಲ್ಪಸ್ವಲ್ಪವೇ ಹತ್ತಿರ ಬಂತು. ಆಕೆ ಅದನ್ನು ಹುದ್ದೆಯ ಸಮೇತ ಒಮ್ಮೆ ಓದಿದಳು. ಆಮೇಲೆ ಬ್ರೇಕನ್ನು ತಳ ಮುಟ್ಟುವಂತೆ ಒತ್ತಿದಳು.

ಜೀಪು ನಿಂತಿತು. ವಿಂಚು ನಿಲ್ಲಲಿಲ್ಲ, ಅದರ ದನಿ ಕೆಳಗಿಳಿದು ನರಳಿತು. ಕಂಬದ ಬುಡದಿಂದ ಸಿಮೆಂಟಿನ ಪುಡಿ ಉದುರಿತು. "ಏ..." ಎಂದು ಇನ್ಸ್‌ಪೆಕ್ಟರು ಬಾಯಿ ತೆರೆಯುವಷ್ಟರಲ್ಲಿ ಕಂಬ ದೊಡ್ಡವರಿಗೆ ತಲೆ ಬಾಗುವಂತೆ ಮುಂದಕ್ಕೆ ಬಾಗಿ, ಗೇಟನ್ನೂ ಅಪ್ಪಿಕೊಂಡು ದಾರಿಗಡ್ಡ ಮಲಗಿತು.

ಧೂಳು ಇಳಿದ ಮೇಲೆ ಇನ್ಸ್‌ಪೆಕ್ಟರು ಮುರಿದ ಬುಡದೊಳಗೆ ಇಣುಕಿದರು. ಕೈ ಹಾಕಿ ತಡಕಿದರು.

"ಒಂದು ಕಂಬಿನೂ ಇಲ್ವಲ್ಲೇ ಇದರಲ್ಲಿ! ನಿಂಗೆ ಗೊತ್ತಿತ್ತಾ?"

"ನಂಗೇನು ಗೊತ್ತಾಗುತ್ತೆ ರೀ, ಹಾಸಿಗೆ ಹಿಡಿದವಳಿಗೆ?" ಎಂದಳು ಆಕೆ. ಕಾಲನ್ನು ಬ್ರೇಕಿನ ಮೇಲಿಂದ ಇನ್ನೂ ತೆಗೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಆಕೆ ಡಬ್ಬ ತೆರೆದು ಶೂ ಹಾಕಿಕೊಂಡಳು. ಬಾಗಿಲು ದಾಟುವಷ್ಟರಲ್ಲಿ ಅಂಟು ಬಿಟ್ಟು ಎರಡರ ಅಟ್ಟೆಯೂ ಕಳಚಿಬಂತು. ಜೀಪು ಇಟ್ಟಿಗೆ ರಾಶಿಯ ಈಚೆಗೇ ನಿಂತಿತ್ತು. ಅಂದು ಇಬ್ಬರೂ ಎಲ್ಲಿಗೂ ಹೋಗಲಿಲ್ಲ. ವಿಂಚ್ ಚೆನ್ನಾಗಿ ಕೂತಿತ್ತು. ಒಂದು ಬೋಲ್ಟೂ ಅಲುಗಿರಲಿಲ್ಲ.