ಎತ್ತಿ ತಿಂದ ಫಾಂಡ್ಯೂ

ನಾನು ವಿಶಾಲ ಮನಸ್ಸಿನವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದ ಮೇಲೆ ನೀವು ನಂಬುವುದಿಲ್ಲ. ಮಗಳು ಪೂರ್ವಾ ಆಲ್ಪ್ಸ್ ಬೆಟ್ಟದ ಸ್ಕೀ ರೆಸಾರ್ಟೊಂದರ ಅಡುಗೆಮನೆಯಲ್ಲಿ ಎರಡು ಚಳಿಗಾಲ ದುಡಿಯಲು ಹೋದಾಗ, ಪುಣೆಯ ಕೊಥ್ರೂಡಿನ ನಮ್ಮ ಕನ್ನಡ ಬಳಗಕ್ಕೆಲ್ಲ ಪೇಡೆ ಹಂಚಿದವನು ನಾನೇ. ಅಲ್ಲಿಯ ಜನ ಸಂಜೆ ಹಿಮದಿಂದ ಇಳಿದು ಬಂದು ಬೂಟುಗಾಲಲ್ಲೇ ಮೇಜು ಹತ್ತಿ ಕುಣಿಯುತ್ತಾರೆ, ಆಮೇಲೆ ಒಂದೇ ಪಾತ್ರೆಯ ಸುತ್ತ ಕೂತು ಕರಗಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುತ್ತಾರೆ, ಅದಕ್ಕೆ ಫಾಂಡ್ಯೂ ಎನ್ನುತ್ತಾರೆ ಎಂದು ಕಣ್ಣಾರೆ ಕಂಡವನಂತೆ ವರ್ಣಿಸಿದವನೂ ನಾನೇ. ಕುಣಿತ ನನಗೆ ಒಪ್ಪಿಗೆಯಿತ್ತು. ಒಂದೇ ಪಾತ್ರೆ ಎನ್ನುವಾಗ ಮಾತ್ರ ದನಿ ತಗ್ಗಿಸುತ್ತಿದ್ದೆ.

ಪೂರ್ವಾ ಮರಳಿ ಬಂದಳು. ಬಾಣೇರಿನ ಹೋಟೆಲೊಂದರ ಒಡತಿ ದೀಪಾಲಿ ಅವಳಿಗೆ ಒಂದು ಶನಿವಾರದ ಸಂಜೆ ಬಿಟ್ಟುಕೊಟ್ಟಳು. ಬಂದವರು ಮೆಚ್ಚಿದರೆ ಪ್ರತಿ ಶನಿವಾರವೂ ಪೂರ್ವಾಳದೇ, ಇಲ್ಲವಾದರೆ ಅಲ್ಲಿಗೇ ಮುಗಿಯಿತು. ಬಳಗದ ಎಂಟು ಜನರನ್ನು ಕರೆತರುವ ಹೊಣೆ ನಾನು ಹೊತ್ತೆ.

"ಅಪ್ಪಾ, ವೈನ್ ಹಾಕಂಗಿಲ್ಲ, ನಿಂಬಿಹಣ್ಣಿನ ರಸ ಹಾಕ್ತೀನಿ. ಆದ್ರ ಪಾತ್ರಿ ಒಂದೇ. ನೀ ಮಾರಿ ಕಿವುಚಿದ್ರ ಎಲ್ಲಾರೂ ಎದ್ದು ಹೋಗ್ತಾರ ನೋಡು," ಎಂದಳು.

"ನಾನಾ? ಛೇ!" ಎಂದೆ.

ಬಾಯಿಗಿಟ್ಟ ಫೋರ್ಕನ್ನೇ ಮತ್ತೆ ಪಾತ್ರೆಗೆ ಅದ್ದುವುದು ನಮ್ಮಲ್ಲಿ ಶುದ್ಧ ಎಂಜಲು. ಚಾಕಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ತಪ್ಪು ಹುಡುಕಿ ನಿವೃತ್ತನಾದ ನನಗೆ ಉಪಾಯ ಹೊಳೆಯಿತು. ನೀರಿನ ತಂಬಿಗೆಯನ್ನು ಎತ್ತಿ ಕುಡಿಯುವಂತೆ ಬ್ರೆಡ್ಡನ್ನೂ ಎತ್ತಿ ತಿಂದರಾಯಿತು, ಫೋರ್ಕಿಗೆ ತುಟಿ ತಾಕುವುದೇ ಇಲ್ಲ. ಮನೆಯಲ್ಲಿ ಇಡ್ಲಿ ಚೂರನ್ನು ಚಟ್ನಿಯಲ್ಲಿ ಅದ್ದಿ ಹನ್ನೆರಡು ಸಲ ಪರೀಕ್ಷಿಸಿದೆ. ಹನ್ನೆರಡೂ ಪಾಸಾದವು. ನನ್ನ ಹೆಂಡತಿ, ಹೆಸರು ಇಂದೂ, ನೋಡಿಯೂ ನೋಡದವಳಂತೆ ಹೂವು ಕಟ್ಟುತ್ತಿದ್ದಳು.

ಶನಿವಾರ ಬಂತು. ಏಪ್ರಿಲ್ ಸೆಕೆ. ಗಣಪತಿ ಹಬ್ಬದ ಅಲಂಕಾರದಲ್ಲಿ ಉಳಿದಿದ್ದ ಹತ್ತಿಯನ್ನು ಗೋಡೆಗೆ ಅಂಟಿಸಿ ನಾನೇ ಹಿಮ ಮಾಡಿದ್ದೆ. ಉಣ್ಣೆಯ ಟೋಪಿ ಹಾಕಿಕೊಂಡು ಬೆವರುತ್ತ ಮೇಜಿನ ನಡುಭಾಗದಲ್ಲಿ ಕೂತೆ. ಪಕ್ಕದಲ್ಲಿ ಇಂದೂ, ಎದುರಿಗೆ ಬಳಗದ ಹಿರಿಯ ಅಂಬಾರಾಯರು, ಅವರ ಹೆಂಡತಿ. ನಾನು ಹೇಗೆ ತಿನ್ನುತ್ತೇನೋ ನೋಡಿ ಆಮೇಲೆ ತಿನ್ನೋಣವೆಂದು ಎಲ್ಲರೂ ಫೋರ್ಕ್ ಹಿಡಿದು ಕಾಯುತ್ತಿದ್ದರು.

ಬ್ರೆಡ್ ಅದ್ದಿದೆ. ಎತ್ತಿದೆ. ಬಾಯಿ ತೆರೆದೆ. ಚಟ್ನಿಗೆ ಎಳೆ ಇರುವುದಿಲ್ಲ, ಚೀಸಿಗೆ ಇರುತ್ತದೆ ಎಂಬುದು ಆಗ ತಿಳಿಯಿತು. ಎಳೆ ಕನ್ನಡಕಕ್ಕೆ ಸುತ್ತಿಕೊಂಡಿತು. ಬ್ರೆಡ್ಡು ಜಾರಿ ನನ್ನ ಮೀಸೆಗೆ, ಮೀಸೆಯಿಂದ ತುಟಿಗೆ ಬಡಿದು, ನೇರ ಪಾತ್ರೆಯೊಳಗೆ ಬಿತ್ತು.

ಮಂದಿಯ ಎಂಜಲಿಗೆ ಹೆದರಿದವನು ನನ್ನ ಎಂಜಲನ್ನೇ ಎಲ್ಲರಿಗೂ ಬಡಿಸಿದ್ದೆ. ಅಂಬಾರಾಯರು ಫೋರ್ಕ್ ಕೆಳಗಿಟ್ಟರು. ಪೂರ್ವಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆದರೂ ಅವಳೇ ನಗುನಗುತ್ತ ಹೇಳಿದಳು. "ಅಲ್ಲೂ ಹಿಂಗ ಆಗ್ತದ್ರಿ. ಬ್ರೆಡ್ ಬೀಳಿಸಿದವ್ರು ದಂಡ ಕೊಡಬೇಕು. ಹಾಡಬೇಕು, ಇಲ್ಲಾ ಕುಣೀಬೇಕು."

"ಕಾಕಾ, ಆತಾ ಉಖಾಣಾ ಘ್ಯಾ!" ಎಂದು ದೀಪಾಲಿ ಮರಾಠಿಯಲ್ಲಿ ಕೂಗಿದಳು, ಈಗ ಉಖಾಣಾ ಹೇಳಿ ಎಂದು. ಉಖಾಣಾ ಎಂದರೆ ನಮ್ಮ ಒಡಪು. ಮದುವೆಯಲ್ಲಿ ಹೆಂಡತಿಯ ಹೆಸರನ್ನು ಪ್ರಾಸಕ್ಕೆ ಸೇರಿಸಿ ಹೇಳುತ್ತೇವಲ್ಲ, ಅದು. ಮೀಸೆಯ ಚೀಸನ್ನೂ ಒರೆಸಿಕೊಳ್ಳದೆ ಎದ್ದು ನಿಂತೆ.

"ಆಲ್ಪ್ಸ್ ಗುಡ್ಡಕ್ಕ ಹಿಮ, ಪುಣೇ ಗ್ವಾಡಿಗೆ ಹತ್ತಿ,
ಇಂದೂ ಅಂದ್ರ ನಮ್ಮ ಮನಿ ಬೆಳಗೋ ಬತ್ತಿ!"

ಚಪ್ಪಾಳೆ ಬಿತ್ತು. ಆದರೆ ಯಾರೂ ಪಾತ್ರೆಯತ್ತ ಕೈ ಚಾಚಲಿಲ್ಲ. ಚೀಸ್ ಗುಳುಗುಳು ಕುದಿಯುತ್ತಿತ್ತು.

ಆಗ ಇಂದೂ ತನ್ನ ಫೋರ್ಕ್ ತೆಗೆದುಕೊಂಡಳು. ನಾನು ಬೀಳಿಸಿದ ಚೂರನ್ನೇ ಹುಡುಕಿ ಚುಚ್ಚಿ ತೆಗೆದು ಬಾಯಿಗಿಟ್ಟುಕೊಂಡಳು.

"ಹಬ್ಬ ಹುಣ್ಣಿವಿಗೆ ಇವ್ರು ಉಂಡೆದ್ದ ಎಲಿ ಮ್ಯಾಲೇ ಮೂವತ್ತೊಂದು ವರ್ಷ ಉಂಡೀನ್ರಿ. ನನಗೇನು ಹೊಸಾದಲ್ಲ," ಎಂದಳು. ಅಗಿದು ನುಂಗಿ, "ಪೂರ್ವಾ, ಭಾಳ ಛೊಲೋ ಆಗೇದವಾ," ಎಂದಳು.

ಅಂಬಾರಾಯರ ಹೆಂಡತಿ ಮೊದಲು ನಕ್ಕು ಫೋರ್ಕ್ ಅದ್ದಿದರು. ಆ ನಗುವಿನಲ್ಲಿ ಅಂಬಾರಾಯರಿಗೂ ತಾವು ಉಂಡೆದ್ದ ಎಲೆಗಳ ಲೆಕ್ಕ ಕೇಳಿಸಿರಬೇಕು, ಅವರೂ ಕೈ ಚಾಚಿದರು. ಅರ್ಧ ಗಂಟೆಯಲ್ಲಿ ಪಾತ್ರೆಯ ತಳ ಕಂಡಿತು. ಮುಂದಿನ ಶನಿವಾರಕ್ಕೆ ಎಷ್ಟು ಚೀಸ್ ತರಿಸಬೇಕೆಂದು ದೀಪಾಲಿ ಪೂರ್ವಾಳನ್ನು ಕೇಳುತ್ತಿದ್ದಳು.

ನಾನು ಮಾತ್ರ ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ಇಂದೂ ಕೊನೆಯ ಚೂರನ್ನು ಅದ್ದಿ, ಅರ್ಧ ಕಚ್ಚಿ, ಉಳಿದರ್ಧವನ್ನು ಫೋರ್ಕಿನ ಸಮೇತ ನನ್ನ ಮುಂದೆ ಹಿಡಿದಳು.

"ಎತ್ತಬ್ಯಾಡ್ರಿ," ಎಂದಳು ಮೆಲ್ಲಗೆ.

ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನಾನು ಅವಳ ಎಲೆಯತ್ತ ಕೈ ಚಾಚಿದವನಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು. ಪೂರ್ವಾ ದೂರದಿಂದ ನೋಡುತ್ತಿದ್ದಳು. ನಾನು ಫೋರ್ಕನ್ನು ಪೂರ್ತಿ ಬಾಯಿಗಿಟ್ಟು ತುಟಿ ಮುಚ್ಚಿದೆ.