ಐಸಪ್ಪ ತಂದ ಔಷಧಿ

ಬೀದಿಯವರೆಲ್ಲ ಅವನನ್ನು ಐಸಪ್ಪ ಎಂದೇ ಕರೆಯುತ್ತಿದ್ದರು. ಐಸ್ ಫ್ಯಾಕ್ಟರಿಯಲ್ಲೇ ತಲೆ ನರೆತ ಮನುಷ್ಯ. ಯಾವ ಮೀನಿಗೆ ಎಷ್ಟು ಐಸ್, ಎಲ್ಲಿ ಹೊಟ್ಟು, ಎಲ್ಲಿ ಉಪ್ಪು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ತಣ್ಣಗಿಡುವ ವಿಷಯದಲ್ಲಿ ಅವನಿಗೆ ಬುದ್ಧಿ ಹೇಳಹೋದವರು ಬೈಸಿಕೊಂಡೇ ಬರುತ್ತಿದ್ದರು. ಈ ಜಂಭವೊಂದನ್ನು ಬಿಟ್ಟರೆ ಒಳ್ಳೆಯವನೇ.

ಹೆಂಡತಿಯ ಬೆನ್ನುಮೂಳೆಗೆ ಗಡ್ಡೆ ಹಬ್ಬಿತ್ತು. ಮಲಗಿದರೆ ಪ್ರಾಣ ಹೋಗುವಂಥ ನೋವು. ಗೋಡೆಗೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡಬೇಕಿತ್ತು. ದೊಡ್ಡಾಸ್ಪತ್ರೆಯವರು ಪ್ರಯೋಗಕ್ಕೆಂದು ಒಂದು ಹೊಸ ಇಂಜೆಕ್ಷನ್ ಕೊಟ್ಟರು. ಕಣ್ಣಿಗೆ ಕಾಣದ ನ್ಯಾನೊ ಕಣಗಳ ಹೊಟ್ಟೆಯೊಳಗೆ ನೋವಿನ ಔಷಧಿ ತುಂಬಿರುತ್ತದಂತೆ. ಅವು ಮೈಯಲ್ಲಿ ಕೂತು ವಾರಗಟ್ಟಲೆ ಚೂರುಚೂರೇ ಬಿಟ್ಟುಕೊಡುತ್ತವಂತೆ. ಎಲ್ಲ ಅಂತೆಕಂತೆ ಎಂದು ನಕ್ಕಿದ್ದ ಐಸಪ್ಪ ಆಮೇಲೆ ಬಾಯಿ ಮುಚ್ಚಿದ. ಅವಳು ಅಂಗಾತ ಮಲಗಿ ಗೊರಕೆ ಹೊಡೆದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನ ಜೊತೆ ಜಗಳಕ್ಕೂ ಬಂದಳು. ಆ ಜಗಳ ಅವನಿಗೆ ಹಬ್ಬವಾಗಿತ್ತು.

ಔಷಧಿ ತೀರಿತು, ನೋವು ಬಡ್ಡಿ ಸಮೇತ ಬಂತು. ಅಷ್ಟರಲ್ಲಿ ಪ್ರಯೋಗವೂ ನಿಂತಿತ್ತು, ತಯಾರಿಕೆಯೂ ಬಂದ್ ಆಗಿತ್ತು. ಡಾಕ್ಟರ ಕೈಕಾಲು ಹಿಡಿದ ಮೇಲೆ ಉಗ್ರಾಣದಲ್ಲಿ ಒಂದೇ ಒಂದು ಸೀಸೆ ಉಳಿದಿರುವುದು ಗೊತ್ತಾಯಿತು. ಐಸಪ್ಪ ಅದನ್ನು ತರುವುದು, ಪಕ್ಕದ ಕ್ಲಿನಿಕ್ಕಿನ ನರ್ಸ್ ಮನೆಗೆ ಬಂದು ಚುಚ್ಚುವುದು ಎಂದಾಯಿತು.

ಆಸ್ಪತ್ರೆಯಲ್ಲಿ ಔಷಧಿ ಕೊಡುವಾಕೆ ಸೀಸೆಯನ್ನು ತಣ್ಣನೆಯ ಚೀಲದಲ್ಲಿಟ್ಟು, "ಯಜಮಾನ್ರೇ, ಇದು ತಣ್ಣಗಿರ್ಬೇಕು, ಆದ್ರೆ..." ಎಂದಳು.

"ತಣ್ಣಗಿಡೋದನ್ನ ನನಗೆ ಹೇಳ್ಕೊಡ್ತೀರಾ ಅಮ್ಮಾ? ನೀವು ಹುಟ್ಟೋಕ್ಮುಂಚೆಯಿಂದ ಐಸ್ ಹೊರ್ತಿದೀನಿ!"

"ಅದಲ್ಲ, ಜಾಸ್ತಿ..."

"ಗೊತ್ತು ಬಿಡಿ."

ಆ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ನೆಟ್ಟಗೆ ಫ್ಯಾಕ್ಟರಿಗೆ ಹೋಗಿ, ಇದೆಂಥ ಆಟದ ಸಾಮಾನು ಎಂದು ಆ ಚೀಲವನ್ನು ಎಸೆದ. ಥರ್ಮಾಕೋಲ್ ಡಬ್ಬಿಗೆ ಐಸ್ ಪುಡಿ ತುಂಬಿ ಮೇಲೆ ಧಾರಾಳವಾಗಿ ಕಲ್ಲುಪ್ಪು ಸುರಿದ. ಉಪ್ಪು ಬಿದ್ದರೆ ಐಸಿನ ಚಳಿ ಇಮ್ಮಡಿಯಾಗುತ್ತದೆ. ನಡುವೆ ಸೀಸೆಯನ್ನು ಮಗುವಿನಂತೆ ಮಲಗಿಸಿ, ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯಿಂದ ಇಳಿಸದೆ ಮನೆಗೆ ತಂದ.

ಅವನು ಬರುವಷ್ಟರಲ್ಲಿ ಹೆಂಡತಿ ದಿಂಬುಗಳನ್ನೆಲ್ಲ ಅತ್ತ ಎತ್ತಿಡಿಸಿ, ಮಲಗಲು ಹಾಸಿಗೆ ಸಪಾಟು ಮಾಡಿಸಿಕೊಂಡಿದ್ದಳು. ನರ್ಸ್ ಪಕ್ಕದಲ್ಲಿ ಕಾಯುತ್ತಿದ್ದಳು.

"ತಂದ್ರಾ?" ಹೆಂಡತಿ ಕೇಳಿದಳು.

"ತರದೆ ಇರ್ತೀನಾ?"

ನರ್ಸ್ ಮುಚ್ಚಳ ತೆಗೆದಳು. ಸೀಸೆ ಕಲ್ಲಾಗಿತ್ತು. ಅಂಗೈಯಲ್ಲಿ ಹಿಡಿದು ಕರಗಿಸಿದಳು. ತೆಳು ಹಾಲಿನಂತಿರಬೇಕಾದ ಔಷಧಿ ಒಡೆದು, ಗರಣೆಗರಣೆಯಾಗಿ ನೀರಿನಲ್ಲಿ ತೇಲುತ್ತಿತ್ತು.

"ಇದು ಹೆಪ್ಪುಗಟ್ಲೇಬಾರದಿತ್ತು," ಎಂದಳು. "ಕಣಗಳೆಲ್ಲ ಒಡೆದುಹೋಗಿವೆ."

"ಅಲುಗಾಡಿಸಿ ಹಾಕಿ ಸಿಸ್ಟರ್."

"ವಾರಗಟ್ಟಲೆ ಬರ್ಬೇಕಾದ ಔಷಧಿ ಒಂದೇ ಸಲ ಹೊರಗೆ ಬಂದಿದೆ. ಚುಚ್ಚಿದ್ರೆ ಉಸಿರು ನಿಲ್ಲುತ್ತೆ."

"ನಿಂತ್ರೆ ನಿಲ್ಲಲಿ, ಹಾಕಮ್ಮಾ," ಎಂದಳು ಹೆಂಡತಿ.

ನರ್ಸ್ ಸೀಸೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಐಸಪ್ಪ ಡಬ್ಬಿಯ ಪಕ್ಕ ಕುಸಿದು ಕೂತು, ಕರಗದ ಐಸನ್ನು ಮುಷ್ಟಿಯಲ್ಲಿ ಹಿಸುಕಿದ. "ಬೈಯಿ ಕಣೇ," ಎಂದ. "ಬಾಯಿಗೆ ಬಂದ ಹಾಗೆ ಬೈಯಿ." ಬೈಯುವ ತ್ರಾಣ ಅವಳಲ್ಲಿರಲಿಲ್ಲ. ಎತ್ತಿಟ್ಟ ದಿಂಬುಗಳನ್ನು ಅವನೇ ತಂದು ಗೋಡೆಗೆ ಒಟ್ಟಿದ. ಬೆನ್ನಿಗೆ ಕೈಕೊಟ್ಟು ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ.

"ಕೈ ತಣ್ಣಗಿದೆಯಲ್ರೀ. ಅಲ್ಲೇ ಇಡಿ. ಸ್ವಲ್ಪ ಕೆಳಗೆ."

ಇಟ್ಟ. ಕಚ್ಚಿ ಹಿಡಿದಿದ್ದ ಅವಳ ಹಲ್ಲು ಒಂದಿಷ್ಟು ಸಡಿಲವಾಯಿತು. ಕಣ್ಣು ಒರೆಸಿಕೊಳ್ಳಲೂ ಅವನು ಕೈ ತೆಗೆಯಲಿಲ್ಲ.

"ಬಿಸಿಯಾಯ್ತು," ಎಂದಳು.

ಅವನು ಕೈಯನ್ನು ಮತ್ತೆ ಉಪ್ಪಿನ ಐಸಿನೊಳಗೆ ಹುಗಿದ. ಐಸಿಗೇನೂ ಅವನ ಹತ್ತಿರ ಬರವಿರಲಿಲ್ಲ.